ಗೇಟಿನ ಕುರ್ಚಿ

ರಾವಸಾಬನಿಗೆ ಕುರ್ಚಿಯ ಆಸೆ ಹುಟ್ಟಿದ್ದು ಐವತ್ತೇಳನೆಯ ವಯಸ್ಸಿನಲ್ಲಿ, ಅದೂ ದಮ್ಮಿನ ದೆಸೆಯಿಂದ. ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಅವನು ಸಿಪಾಯಿ. ಫೈಲು ಹಿಡಿದು ದಿನಕ್ಕೆ ಇಪ್ಪತ್ತು ಸಲ ಮೂವತ್ತಾರು ಪಾವಟಗಿ, ಅಂದರೆ ಮೆಟ್ಟಿಲು, ಹತ್ತಬೇಕು. ಶ್ವಾಸಕೋಶ ಹಾಳಾದ ಮನುಷ್ಯ ಎಷ್ಟಂತ ಹತ್ತಿಯಾನು, ಪಾಪ! ಗೇಟಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವ ಕೆಲಸವೊಂದು ಖಾಲಿ ಇತ್ತು.

"ಡಾಕ್ಟರ್ ಚೀಟಿ ತಗೊಂಡ ಬರ್ರಿ, ಕೊಡೂಣು," ಎಂದಿದ್ದರು ಪ್ರಿನ್ಸಿಪಾಲರು.

ಗುಮಾಸ್ತ ಜೈನುದ್ದೀನ ತನ್ನ ಬೈಕಿನಲ್ಲೇ ಆಸ್ಪತ್ರೆಗೆ ಕರೆದೊಯ್ದ. ದಾರಿಯುದ್ದಕ್ಕೂ ಉಪದೇಶ. "ಕಾಕಾ, ಅಲ್ಲಿ ಹುರುಪು ತೋರಸಬ್ಯಾಡ್ರಿ. ಗಟ್ಟಿ ಅದೀರಿ ಅಂದ್ರ ಚೀಟಿ ಹೋತು."

ಡಾಕ್ಟರ್ ಭುವನೇಶ್ವರಿ ಗೋಡೆಗೆ ತಾಗಿಸಿ ಒಂದು ಕುರ್ಚಿ ಇಟ್ಟರು. "ಪರೀಕ್ಷಾ ಸರಳ ಐತ್ರಿ. ಕೈ ಎದಿ ಮ್ಯಾಲ ಕಟ್ಕೊಂಡು ಒಂದು ನಿಮಿಷದಾಗ ಎಷ್ಟ ಸಲ ಎದ್ದು ಕೂಡ್ತೀರಿ, ನೋಡೂಣು. ಹೂಂ, ಕೂಡ್ರಿ."

"ಇರ್ಲಿ ಬಿಡ್ರಿ ಮೇಡಂ, ನಿಂತೇನಲ್ರಿ."

"ಕೂಡದ ಏಳೂದು ಹೆಂಗ್ರಿ?"

ರಾವಸಾಬ ಕೂತ. ಗಡಿಯಾರ ಹಿಡಿದು ಡಾಕ್ಟರು ಎದುರಿಗೆ ಬಂದರು. ತಟ್ಟನೆ ಇವನು ಎದ್ದ. "ಇನ್ನೂ ಶುರು ಅಂದಿಲ್ರಿ!" ಮತ್ತೆ ಕೂತ. ಬೆರಳಿಗೆ ಕ್ಲಿಪ್ಪು ಹಾಕಲು ನರ್ಸ್ ಶಬಾನಾ ಬಂದಳು. ಮತ್ತೆ ಎದ್ದ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಸಾಹೇಬರೆದುರು ಕೂತವನಲ್ಲ. ಅವನಪ್ಪ ಊರ ದೊಡ್ಡವರ ಕಟ್ಟೆಯ ಮುಂದೆ ಕೂತವನಲ್ಲ. ಕೂಡು ಎಂದರೆ ಕಿವಿಗೆ ಕೇಳಿಸುತ್ತದೆ, ಮೊಣಕಾಲಿಗೂ ಕೇಳಿಸಬೇಕಲ್ಲ!

ಕೊನೆಗೆ ಡಾಕ್ಟರೂ ನರ್ಸೂ ಪರದೆಯ ಹಿಂದೆ ಸರಿದು, ಸಂದಿಯಿಂದ ಇಣುಕಿ ಎಣಿಸಿದರು. ಹನ್ನೊಂದಕ್ಕೇ ಉಸಿರು ಕಟ್ಟಿತು. ಯಾವ ನಾಟಕವೂ ಬೇಕಾಗಲಿಲ್ಲ.

"ನಿಮ್ಮ ವಯಸ್ಸಿನವ್ರು ಮಾಡೂದರಾಗ ಇದು ಅರ್ಧನೂ ಅಲ್ರಿ. ಪಾವಟಗಿ ಹತ್ತೂದು ಸಾಕು," ಎಂದು ಡಾಕ್ಟರು ಚೀಟಿ ಬರೆದರು. ರಾವಸಾಬನಿಗೆ ಚೀಟಿ ಸಿಕ್ಕಿತೆಂದು ಖುಷಿ, ಹನ್ನೊಂದೇ ಆಯಿತಲ್ಲ ಎಂದು ಸಂಕಟ.

ಮಧ್ಯಾಹ್ನವೇ ಗೇಟಿನ ಕುರ್ಚಿ ಅವನದಾಯಿತು. ಕೂತ. ಬೇವಿನ ನೆರಳು, ತಣ್ಣನೆಯ ಗಾಳಿ. ಎಷ್ಟೋ ತಿಂಗಳ ಮೇಲೆ ಉಸಿರು ಸಲೀಸಾಗಿ ಒಳಗಿಳಿಯಿತು. ಅಷ್ಟರಲ್ಲಿ ಇತಿಹಾಸದ ಮೇಡಂ ಬಂದರು. ಎದ್ದ. ಅವರ ಹಿಂದೆ ಗಣಿತದ ಸರ್. ಎದ್ದ. ನಾಲ್ಕಕ್ಕೆ ಕಾಲೇಜು ಬಿಟ್ಟಿತು ನೋಡಿ, ಉಪನ್ಯಾಸಕರೆಲ್ಲ ಬಸ್ಸಿನ ಅವಸರದಲ್ಲಿ ಸಾಲಾಗಿ ಹೊರಬಿದ್ದರು. ರಾವಸಾಬನ ಬೆನ್ನು ಕುರ್ಚಿಗೆ ತಾಗಿದ್ದೇ ತಡ, ಮತ್ತೊಬ್ಬರು ಹಾಜರು. ಹಿಂದೆಯೇ ಬಂದ ಪ್ರಿನ್ಸಿಪಾಲರಿಗೆ ಕೆಡುಕೆನಿಸಿತು.

"ಏ ರಾವಸಾಬ, ಏಳಬ್ಯಾಡ್ರಿ. ಕೂತೇ ಇರ್ರಿ."

"ಹೌದ್ರಿ ಸರ," ಎಂದು ರಾವಸಾಬ ಎದ್ದು ನಿಂತ.

ಗೇಟಿನ ಬಳಿ ಮೊಬೈಲಿನ ಗಡಿಯಾರ ಹಿಡಿದು ಎಣಿಸುತ್ತಿದ್ದ ಜೈನುದ್ದೀನ ಕೂಗಿದ, "ಕಾಕಾ, ಒಂದ ನಿಮಿಷದಾಗ ಹದಿನಾಲ್ಕ ಆತು! ದವಾಖಾನ್ಯಾಗ ಬರೇ ಹನ್ನೊಂದಿತ್ತು!"

ರಾವಸಾಬ ಗೇಟು ಹಿಡಿದು ಏದುಸಿರು ಬಿಟ್ಟ. "ಸರ, ನನ್ನ ಪಾವಟಗಿ ನನಗ ತಿರುಗಿ ಕೊಟ್ಟಬಿಡ್ರಿ. ನಡುವ ತಿರುವಿನ್ಯಾಗ ಯಾರೂ ನೋಡೂದಿಲ್ರಿ. ಅಲ್ಲೇ ನಾ ದಿನಾ ಕೂಡ್ತಿದ್ದೆ."

ಪ್ರಿನ್ಸಿಪಾಲರು ಕುರ್ಚಿಯನ್ನು ಅವನತ್ತ ಸರಿಸಿದರು. "ಆ ಮಾತು ನಾಳೆ ನೋಡೂಣು. ಮೊದ್ಲ ಕೂಡ್ರಿ, ದಮ್ಮ ತಗೋರಿ."

"ಕೂಡ್ತೇನ್ರಿ ಸರ," ಎಂದ ರಾವಸಾಬ. "ನೀವು ಹೋದ ಮ್ಯಾಲ."