ಅತ್ತೆ ಹುಡುಕಿದ ಗಂಡು

ನನ್ನ ಸೋದರತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಚೋರಟೆಯ ಕಾಲು ಮಾತ್ರ ಮರೆಯುವುದಿಲ್ಲ! ಚೋರಟೆ ಗೊತ್ತಲ್ಲ? ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸಾವಿರ ಕಾಲಿನ ಹುಳ. ಪುತ್ತೂರಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಉಳಿದವರ ಹಾಗೆ ಭಜನೆಗೆ ಹೋಗಬೇಡವೇ? ಇವರು ಅರಣ್ಯ ಇಲಾಖೆಯ ಅನುಮತಿಪತ್ರ ಹಿಡಿದು ಕಲ್ಲುಗುಂಡಿ ಕಡೆಯ ಕಾಡಿಗೆ ಹೋದರು.

ಅಲ್ಲಿ ಸಣ್ಣ ಹಳ್ಳದಂಥ ತೋಡಿನ ಬದಿಯ ತರಗೆಲೆಯಡಿ ಅರಿಸಿನ ಬಣ್ಣದ ಅಂಚಿನ ಕಪ್ಪು ಚೋರಟೆಯೊಂದು ಸಿಕ್ಕಿತು. ಯಾವ ಪುಸ್ತಕದಲ್ಲೂ ಅದಿಲ್ಲ. ಹೊಸ ಪ್ರಭೇದವೇ ಇರಬೇಕು! ಆದರೆ ಸಾಬೀತು ಮಾಡಲು ಗಂಡು ಬೇಕಂತೆ. ಗಂಡಿನ ಮೈಯ ಏಳನೆಯ ಉಂಗುರದ ಕಾಲು ನೋಡಿಯೇ ಜಾತಿ ತೀರ್ಮಾನ. ಅತ್ತೆಗೆ ಸಿಕ್ಕಿದ್ದೆಲ್ಲ ಹೆಣ್ಣು!

ಒಮ್ಮೆ ಸುಳ್ಯದ ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ದೂರದೂರಿನ ತಜ್ಞರೊಬ್ಬರಿಗೆ ಅತ್ತೆ ಫೋನಿನಲ್ಲಿ, ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಿದ್ದರು: "ಎರಡು ಮಳೆಗಾಲ ಹುಡುಕಿ ಆಯ್ತು, ಗಂಡೇ ಸಿಗುದಿಲ್ಲ! ಬಣ್ಣ ಹೇಗಿದ್ರೂ ಅಡ್ಡಿಲ್ಲ, ಕಾಲೊಂದು ಸರಿ ಇದ್ರೆ ಸಾಕು."

ಹಿಂದಿನ ಸೀಟಿನ ಹೆಂಗಸು ಮೆಲ್ಲಗೆ ಭುಜ ತಟ್ಟಿದರು. "ಅಕ್ಕಾ, ಕಡಬದಲ್ಲಿ ನನ್ನ ಅಣ್ಣನ ಮಗ ಇದ್ದಾನೆ. ಕಾಲೆಲ್ಲ ಗಟ್ಟಿ ಉಂಟು. ನಿಮ್ಮ ಹುಡುಗಿ ಎಂತ ಓದಿದ್ದಾಳೆ?"

"ಓದುದೆಂತದು? ಕೊಳೆತ ಎಲೆ ತಿಂದುಕೊಂಡು ಆರಾಮ ಇದ್ದಾಳೆ!"

ಆ ಹೆಂಗಸು ಮುಂದಿನ ಸ್ಟಾಪಿನಲ್ಲೇ ಇಳಿದುಹೋದರು. "ಅಮ್ಮಾ, ನಿಮ್ಮ ಟಿಕೇಟು ಸುಳ್ಯಕ್ಕೆ ಉಂಟು!" ಎಂದು ಕಂಡಕ್ಟರ್ ಕೂಗಿದರೂ ತಿರುಗಲಿಲ್ಲ.

ಮೂರನೆಯ ಮಳೆಗಾಲಕ್ಕೆ ಅತ್ತೆಯ ಮಂಡಿ ಕೈಕೊಟ್ಟಿತು. ಮಂಡಿ ಕೈ ಕೊಡುವುದು ಹೇಗೆ ಎಂದು ಕೇಳಬೇಡಿ! ಮಾವ ಅತ್ತೆಯನ್ನು ಕಾರಿನಲ್ಲಿ ಕಾಡಿನಂಚಿಗೆ ಕರೆದೊಯ್ದರು, ನಾನೂ ಹೋದೆ. ಆದರೆ ಜಾರುವ ದರೆ ಇಳಿದು ತೋಡಿಗೆ ಹೋಗಲು ಅತ್ತೆಗೆ ಆಗಲಿಲ್ಲ. ಕಲ್ಲಿನ ಮೇಲೆ ಕೂತು ತೋಡಿನ ಕಡೆಗೇ ನೋಡತೊಡಗಿದರು.

ಮಾವನೋ, ಜಿರಳೆ ಕಂಡರೆ ಕುರ್ಚಿ ಹತ್ತುವ ಮನುಷ್ಯ. ಅಂದು ಪ್ಯಾಂಟು ಮಡಚತೊಡಗಿದರು.

"ನಿಮಗೆಂತಕ್ಕೆ ಮಾರಾಯ್ರೆ?"

"ನೀನು ಸುಮ್ಮನೆ ಕೂತ್ಕೋ."

ಒಂದು ಗಂಟೆ ಕಳೆದು ಮೇಲೆ ಬಂದರು. ಕೈ ಮುಂದಕ್ಕೆ, ಮುಖ ಹಿಂದಕ್ಕೆ! ಅಂಗೈಯಲ್ಲಿ ಚೋರಟೆ. "ಬೇಗ ತೆಗಿ! ನಡೀತಾ ಉಂಟು!"

ಅತ್ತೆ ಭೂತಗನ್ನಡಿ ಹಿಡಿದರು. ಗಂಡು!

ತಜ್ಞರೊಂದಿಗೆ ಬರೆದ ಲೇಖನ ಅಚ್ಚಾಗಿ ಬಂದಾಗ ಅತ್ತೆ ಅದನ್ನು ಜಗಲಿಯಲ್ಲಿ ಮಾವನಿಗೆ ಓದಿ ಹೇಳಿದರು. ಹೊಸ ಚೋರಟೆಯ ಉದ್ದನೆಯ ಲ್ಯಾಟಿನ್ ಹೆಸರಿನ ಕೊನೆಯಲ್ಲಿ ಮಾವನ ಹೆಸರಿತ್ತು.

"ಹುಳಕ್ಕೆ ನನ್ನ ಹೆಸರಾ? ಜನ ನಗುದಿಲ್ವಾ?"

"ನಗಲಿ. ನಾವಿಬ್ಬರೂ ಹೋದ ಮೇಲೂ ಆ ಕಾಡಲ್ಲಿ ನಿಮ್ಮ ಹೆಸರು ನಡೀತಾ ಇರ್ತದೆ."

ಮಾವ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, "ಆ ಹೆಸರು ಇನ್ನೊಮ್ಮೆ ಓದು," ಎಂದರು.