ಮುದಿ ಜೀವಕೋಶಕ್ಕೊಂದು ಟಚಪ್

ಬೇರೆಯವರ ಹೆಂಡತಿಯರು ಗಂಡನ ಜೇಬು ತಡಕುತ್ತಾರೆ. ನನ್ನವಳು ನೇರವಾಗಿ ಚರ್ಮಕ್ಕೇ ಕೈ ಹಾಕುತ್ತಾಳೆ. ವಿಜ್ಞಾನಿಯನ್ನು ಕಟ್ಟಿಕೊಂಡವನ ಪಾಡು ಇದು.

ನಮ್ಮ ಮೈಯ ಜೀವಕೋಶಗಳು ಏಕೆ ಮುದಿಯಾಗುತ್ತವೆ, ಅವನ್ನು ಇನ್ನಷ್ಟು ಕಾಲ ಗಟ್ಟಿಮುಟ್ಟಾಗಿ ಇಡುವುದು ಹೇಗೆ ಎಂದು ಪ್ರಯೋಗಾಲಯದಲ್ಲಿ ತಲೆ ಕೆಡಿಸಿಕೊಳ್ಳುವುದು ಅವಳ ಉದ್ಯೋಗ. ನನ್ನದು ಫೋಟೋ ಸ್ಟುಡಿಯೋ. ಅವಳು ವರ್ಷಗಟ್ಟಲೆ ಹೆಣಗಿದರೂ ಆಗದ್ದನ್ನು ನಾನು ಕಾಫಿ ಆರುವುದರೊಳಗೆ ಮಾಡಿ ಕೊಡುತ್ತೇನೆ. ಕಣ್ಣಿನ ಕೆಳಗಿನ ಚೀಲ, ಹಣೆಯ ಗೆರೆ, ಕತ್ತಿನ ಸುಕ್ಕು ಎಲ್ಲ ಮಂಗಮಾಯ! (ಈ ಮಾತನ್ನು ಮನೆಯಲ್ಲಿ ಜೋರಾಗಿ ಹೇಳುವ ಹಾಗಿಲ್ಲ.)

ಹೋದ ತಿಂಗಳು ಅವಳ ಪ್ರಯೋಗಕ್ಕೆ ಚರ್ಮ ಕೊಡುವವರು ಸಾಲದೆ ಬಂದಾಗ ನಾನೂ ತೋಳನ್ನು ದಾನ ಮಾಡಿದೆ. ದಾನ ಎನ್ನುವುದು ಮರ್ಯಾದೆಯ ಮಾತು. ಸೂಜಿ ತಾಗಿದ್ದೇ ತಡ, ನಾನು ಕಿಟಾರನೆ ಕಿರುಚಿ ಕೈ ಎಳೆದುಕೊಂಡಿದ್ದೆ. ಸಿಕ್ಕಷ್ಟನ್ನು ಅವಳು ಶೀಷೆಗೆ ಹಾಕಿಕೊಂಡಿದ್ದಳು.

ಮೊನ್ನೆ ಸೋಮವಾರ ಸಂಜೆ ಅವಳು ಒಂದು ಪೆನ್ ಡ್ರೈವ್ ತಂದು ನನ್ನ ಮುಂದಿಟ್ಟಳು.

"ರೀ, ಇದರಲ್ಲಿ ಎರಡು ಫೋಟೋ ಇವೆ. ಶುಕ್ರವಾರ ದೊಡ್ಡ ಮೀಟಿಂಗು. ಎರಡಕ್ಕೂ ಒಂದೇ ಸಮ ಬೆಳಕು ಜಾಸ್ತಿ ಮಾಡಿ ಕೊಡಿ. ಬೇರೆ ಏನೂ ಮುಟ್ಟಬೇಡಿ, ಗೊತ್ತಾಯ್ತಾ?"

ತೆರೆದು ನೋಡಿದೆ. ಮೊದಲನೆಯದರ ತುಂಬ ನೀಲಿ ಕಲೆಗಳು.

"ಏನೇ ಇದು? ಯಾರೋ ಶಾಯಿ ಚೆಲ್ಲಿದ ಹಾಗಿದೆ!"

"ಮುದಿಯಾದ ಜೀವಕೋಶಗಳು ಕಣ್ರೀ. ನಾವು ಹಾಕೋ ಬಣ್ಣಕ್ಕೆ ಮುದಿಯಾದವು ಮಾತ್ರ ನೀಲಿಯಾಗ್ತವೆ. ಇದು ಕೋಶ ಬೆಳೆಸೋ ತಟ್ಟೆ, ನಮ್ಮ ಹೊಸ ಔಷಧಿ ಹಾಕದೆ ಇರೋದು. ಎರಡನೇದು ಹಾಕಿರೋದು. ನೋಡಿ, ನೀಲಿ ಎಷ್ಟು ಕಮ್ಮಿ!"

"ಮೊದಲನೇದರಲ್ಲಿ ತುಂಬಾ ಇದೆಯಲ್ಲೇ?"

"ಇದೆ ಮತ್ತೆ!" ಎಂದಳು, ಮುಖ ಅರಳಿಸಿಕೊಂಡು. "ಇಷ್ಟು ಚೆನ್ನಾಗಿ ಹಾಳಾಗಿರೋದು ನಮಗೆ ಇದುವರೆಗೂ ಸಿಕ್ಕೇ ಇರಲಿಲ್ಲ!"

ಯಾರದು ಎಂದು ಕೇಳಲು ಹೋಗಲಿಲ್ಲ. ಕೇಳುವುದೇನು, ತೋಳು ಕೊಟ್ಟವನು ನಾನೇ ಅಲ್ಲವೇ?

"ಆ ಔಷಧೀನ... ಮನುಷ್ಯರು ಕುಡಿಯಬಹುದಾ?"

"ಈಗಲೇ ಎಲ್ಲಿ ಕುಡಿಯೋಕಾಗುತ್ತೆ? ಮೊದಲು ಇಲಿಗೆ, ಆಮೇಲೆ ಮನುಷ್ಯರಿಗೆ. ಇನ್ನೂ ಎಷ್ಟು ವರ್ಷವೋ."

"ಅಲ್ಲೀವರೆಗೆ ಏನು ಗತಿ?"

"ಸಕ್ಕರೆ ಬಿಡಿ, ನಡೀರಿ, ನಿಶ್ಚಿಂತೆಯಿಂದ ನಿದ್ದೆ ಮಾಡಿ."

ನಿಶ್ಚಿಂತೆಯಂತೆ! ಅಂದಿನಿಂದ ನನಗೆ ಹಿಡಿದ ಭಯ ಅಷ್ಟಿಷ್ಟಲ್ಲ. ಬಚ್ಚಲಿನ ನೀಲಿ ಬಕೆಟ್ಟು ಕಂಡರೂ ಬೆವರು ಕಿತ್ತು ಬರುತ್ತಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಂದರೆ, ಇಷ್ಟು ದಿನ ಹೊಟ್ಟೆಯನ್ನು ಬೈಯುತ್ತಿದ್ದವನು ಈಗ ಗೋಡೆ ಹಿಡಿದು ಕುಳಿತುಬಿಡುತ್ತಿದ್ದೆ. ಪಾಸ್‌ಪೋರ್ಟ್ ಫೋಟೋಗೆ ಬಂದ ಗಿರಾಕಿಯೊಬ್ಬ, "ಚೆನ್ನಾಗಿ ತೆಗೀರಿ ಸಾರ್, ಇನ್ನು ಹತ್ತು ವರ್ಷ ಇದೇ ಮುಖ" ಎಂದ. ಹತ್ತು ವರ್ಷ! ಆ ಗಾಬರಿಗೆ ಅವನ ಒಂದು ಕಿವಿ ಫೋಟೋದಿಂದ ಹೊರಗೆ ಹೋಯಿತು.

ಈ ಲೋಕ ಬಿಟ್ಟು ಹೋಗುವ ಮುಂಚೆ ಒಳ್ಳೆಯವನು ಅನ್ನಿಸಿಕೊಳ್ಳೋಣ ಎಂದು ನಿರ್ಧರಿಸಿದೆ. ಸಕ್ಕರೆಯಿಲ್ಲದ ಕಾಫಿ ಕುಡಿದೆ. ಪಾತ್ರೆ ತೊಳೆದೆ. ಬಟ್ಟೆ ಮಡಚಿದೆ. ಊಟಕ್ಕೆ ಕುಳಿತಾಗ ಅವಳ ಮುಖವನ್ನೇ ನೋಡುತ್ತಾ, ಇವಳು ಒಬ್ಬಳೇ ಗ್ಯಾಸ್ ಸಿಲಿಂಡರ್ ಹೇಗೆ ಎತ್ತಿಡುತ್ತಾಳೋ ಎಂದು ನೆನೆದು ಕಣ್ಣು ತುಂಬಿಕೊಂಡೆ.

"ಏನ್ರೀ, ಏನಾದ್ರೂ ಒಡೆದು ಹಾಕಿದ್ರಾ?" ಎಂದಳು ಮಹಾರಾಯಿತಿ.

ಗುರುವಾರ ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು ಫೋಟೋ ಕೆಲಸಕ್ಕೆ ಕುಳಿತೆ. ಬೆಳಕು ಹೆಚ್ಚಿಸಿದೆ. ನೀಲಿ ಇನ್ನೂ ಎದ್ದು ಕಂಡಿತು. ದೊಡ್ಡ ಪರದೆಯ ತುಂಬ ನನ್ನ ಅವಸಾನ! ನೋಡಲಾಗಲಿಲ್ಲ. ಅಂಚಿನಲ್ಲಿದ್ದ ಒಂದೇ ಒಂದು ಕಲೆಯನ್ನು, ಮದುಮಗಳ ಕೆನ್ನೆಯ ಮೊಡವೆ ಅಳಿಸುವ ಹಾಗೆ, ಮೆಲ್ಲಗೆ ಅಳಿಸಿದೆ. ಎದೆಯ ಮೇಲಿನ ಭಾರ ಸ್ವಲ್ಪ ಇಳಿಯಿತು. ಪಕ್ಕದ್ದನ್ನೂ ಅಳಿಸಿದೆ. ಇಪ್ಪತ್ತು ವರ್ಷ ಪಳಗಿದ ಕೈ, ಒಮ್ಮೆ ಶುರುವಾದರೆ ನಿಲ್ಲುವುದುಂಟೇ? ಕಡೆಗೆ ತಟ್ಟೆಯಲ್ಲಿ ನೀಲಿಯ ಸುಳಿವೂ ಉಳಿಯಲಿಲ್ಲ. ಎರಡನೆಯ ಫೋಟೋದಲ್ಲಿ ಹೇಗೂ ಕಲೆ ಕಮ್ಮಿ, ಅದನ್ನು ಮುಟ್ಟಲಿಲ್ಲ. ಅಂದು ಸಂಜೆ ನಾನು ಹೊಟ್ಟೆ ತುಂಬ ಉಂಡೆ.

ಶುಕ್ರವಾರ ಅವಳು ಮನೆಗೆ ಬಂದಾಗ ಚಪ್ಪಲಿಯನ್ನೂ ಬಿಡಲಿಲ್ಲ.

"ಮೊದಲನೇ ಫೋಟೋನ ಏನು ಮಾಡಿದ್ರಿ?"

"ಸ್ವಲ್ಪ... ಬೆಳಕು..."

"ಬೆಳಕಾ? ಔಷಧಿ ಹಾಕದೆ ಇರೋ ತಟ್ಟೆ ಹಸುಗೂಸಿನ ಕೆನ್ನೆ ಥರ ಇದೆ, ಹಾಕಿರೋದರಲ್ಲಿ ನೀಲಿ! ನಾನು ಕಂಡುಹಿಡಿದಿರೋ ಔಷಧಿ ಜನರನ್ನ ಮುದುಕರನ್ನಾಗಿ ಮಾಡುತ್ತೆ ಅಂತ ತುಂಬಿದ ಸಭೇಲಿ ನಾನೇ ತೋರಿಸಿದ ಹಾಗಾಯ್ತು! ಅಸಲಿ ಫೋಟೋ ಅಲ್ಲಿನ ಕಂಪ್ಯೂಟರಿನಲ್ಲಿ ಇತ್ತು, ತೆಗೆದು ತೋರಿಸಿ ಹೇಗೋ ಪಾರಾದೆ. ಇಲ್ಲದೆ ಹೋಗಿದ್ರೆ ಮೂರು ವರ್ಷದ ಕೆಲಸ ನೀರುಪಾಲು!"

ನನಗೆ ದುಃಖ ಉಕ್ಕಿ ಬಂತು. "ನನ್ನ ಸಾವನ್ನ ನಾನೇ ಕಣ್ಣಾರೆ ಹೇಗೆ ನೋಡ್ಲಿ ಕಣೇ? ಹೆದರಿಕೆ ಆಯ್ತು. ಅಳಿಸಿಬಿಟ್ಟೆ."

ಅವಳು ಚಪ್ಪಲಿಕಾಲಲ್ಲೇ ನೆಲದ ಮೇಲೆ ಕುಳಿತು ಬಿದ್ದು ಬಿದ್ದು ನಗತೊಡಗಿದಳು.

"ಅಯ್ಯೋ ನನ್ನ ಕರ್ಮವೇ! ಅದು ನಿಮ್ಮದಲ್ಲ ರೀ. ನಮ್ಮ ಡೈರೆಕ್ಟರ್ ಸಾಹೇಬರದ್ದು! ಅವರೂ ತೋಳು ಕೊಟ್ಟಿದ್ರು. ಮೀಟಿಂಗ್ ಮುಗಿದ ಮೇಲೆ ಮೆಲ್ಲಗೆ ಪಕ್ಕಕ್ಕೆ ಕರೆದು ಏನು ಕೇಳಿದ್ರು ಗೊತ್ತಾ? ನಿಮ್ಮ ಯಜಮಾನರು ಮಾಡಿದ ಫೋಟೋನೇ ಚೆನ್ನಾಗಿತ್ತಮ್ಮ, ಅದನ್ನ ದೊಡ್ಡದು ಮಾಡಿ ಫ್ರೇಮ್ ಹಾಕಿ ಕೊಡ್ತಾರಾ ಅಂತ!"

ನನಗೆ ಹೋದ ಜೀವ ಬಂದ ಹಾಗಾಯಿತು. ನೆಟ್ಟಗೆ ಕುಳಿತೆ. "ಹಾಗಾದ್ರೆ ನನ್ನವು ಎಲ್ಲಿ?"

"ನಿಮ್ಮವಾ? ಅವು ಮೊದಲನೇ ವಾರಾನೇ ಸತ್ತುಹೋದ್ವು."

"ಸತ್ತುಹೋದ್ವಾ!"

"ಕೈ ಎಳ್ಕೊಂಡ್ರಲ್ಲ, ಸಾಸಿವೆ ಕಾಳಿನಷ್ಟೂ ಚರ್ಮ ಬಂದಿರಲಿಲ್ಲ. ಅಷ್ಟರಲ್ಲಿ ಯಾವ ಕೋಶ ತಾನೇ ಬದುಕುತ್ತೆ?"

ಸತ್ತದ್ದು ಮುದಿತನದಿಂದಲ್ಲ! ನಾನು ಗೆಲುವಿನಿಂದ ಕೂಗಿ ಹೇಳಿದೆ. "ನನ್ನ ಕಾಫಿಗೆ ಎರಡು ಚಮಚ ಸಕ್ಕರೆ ಹಾಕು! ಪಾತ್ರೆ ನೀನೇ ತೊಳ್ಕೋ! ನನಗೇನೂ ಆಗಿಲ್ಲ!"

"ಆಗಿಲ್ಲ ಅಂತ ಯಾರು ಹೇಳಿದ್ರು?" ಅವಳ ನಗು ನಿಂತಿತ್ತು. ಬ್ಯಾಗಿನಿಂದ ಏನನ್ನೋ ತೆಗೆಯತೊಡಗಿದಳು. "ನಿಮ್ಮವನ್ನ ಇನ್ನೂ ನೋಡೇ ಇಲ್ಲವಲ್ಲ. ಸಾಹೇಬರಿಗಿಂತ ಹೆಚ್ಚು ನೀಲಿ ಇದೆಯೋ ಏನೋ. ತಿಳ್ಕೋಬೇಕು ಅಂದ್ರೆ ಸುಲಭ. ಈ ಸಲ ಕೈ ಎಳ್ಕೋಬೇಡಿ, ಅಷ್ಟೇ. ಎಲ್ಲಿ, ತೋಳು ಕೊಡಿ."

ನಾನು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಗುಂಡಿ ಹಾಕಿಕೊಂಡೆ. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತೆ.