ಅಮ್ಮನ ಮೂಗುಬೊಟ್ಟು ಮತ್ತು ನನ್ನ ಕಾಫಿ ಕಪ್ಪು

ಯಾರಾದರೂ ಏನನ್ನಾದರೂ ಹೇಳಿಕೊಡಲು ಬಂದರೆ ಗಂಭೀರವಾಗಿ ಹೂಂಗುಟ್ಟುತ್ತಾ ಒಂದಕ್ಷರವನ್ನೂ ಕಿವಿಗೆ ಹಾಕಿಕೊಳ್ಳದಿರುವುದು ನನ್ನ ಹಳೆಯ ಚಾಳಿ. ಸರ್ವೆ ಕಚೇರಿಯಲ್ಲಿ ಮೂವತ್ತೈದು ವರ್ಷ ನಕ್ಷೆ ಟ್ರೇಸ್ ಮಾಡಿದವನು ನಾನು. ನನ್ನ ಕೈಯಲ್ಲಿ ಒಂದು ಗೆರೆ ಆಚೀಚೆ ಆದರೆ ಯಾರದೋ ಬಾವಿ ಪಕ್ಕದವರ ಪಾಲಾಗುತ್ತಿತ್ತು. ಇಂಥ ಕೈಗೆ ಇನ್ಯಾರು ಏನು ಕಲಿಸಿಯಾರು ಎಂಬ ಜಂಬ ನಿವೃತ್ತಿಯ ದಿನ ಹಾಕಿದ ಹಾರದ ಜೊತೆಗೇ ಬಾಡಿಹೋಗಬೇಕಿತ್ತು. ಹೋಗಲಿಲ್ಲ.

ನಿವೃತ್ತನಾದ ಮೂರನೇ ವಾರ ನನ್ನ ಹೆಂಡತಿ ಪದ್ಮ, "ದಿನಾ ಅಡುಗೆಮನೆಗೆ ಬಂದು ಒಗ್ಗರಣೆ ಹಾಕೋದು ಹೇಗೆ ಅಂತ ನಂಗೆ ಹೇಳ್ಕೊಡ್ಬೇಡಿ. ಎಲ್ಲಿಗಾದ್ರೂ ಹೋಗಿ ಮಾರಾಯ್ರೇ" ಎಂದು ಜೆ.ಪಿ. ನಗರದ ಒಂದು ಮಣ್ಣಿನ ಕಪ್ಪು ಮಾಡುವ ಕ್ಲಾಸಿಗೆ ಸೇರಿಸಿಬಿಟ್ಟಳು. ಕಾಗದದ ಮೇಲಿನ ಯಾವ ಚಿತ್ರವನ್ನಾದರೂ ಕಪ್ಪಿನ ಮೇಲೆ ಇಳಿಸಬಹುದು ಅಂತ ಅಲ್ಲಿನ ಟೀಚರ್ ಮೇಘನಾ ಹೇಳಿದಾಗ ನನಗೆ ಅಮ್ಮನ ಬೀರುವಿನಲ್ಲಿರುವ ಚಿತ್ರ ನೆನಪಾಯಿತು. ಅಪ್ಪ ಜೀವಮಾನದಲ್ಲಿ ಬರೆದದ್ದು ಅದೊಂದೇ ಚಿತ್ರ. ಮದುವೆಯಾದ ಹೊಸದರಲ್ಲಿ, ಪೆನ್ಸಿಲ್ಲಿನಲ್ಲಿ, ಅಮ್ಮನ ಮುಖ. ಅಪ್ಪ ಹೋದ ಮೇಲೆ ಅಮ್ಮ ಅದನ್ನು ಆಗಾಗ ತೆಗೆದು, "ಕಣ್ಣು ಅಳಿಸಿಹೋಗ್ತಿದೆ ಕಣೋ, ಇನ್ನೆಷ್ಟು ದಿನ ಉಳಿಯತ್ತೋ" ಅನ್ನುತ್ತಿದ್ದಳು. ಆ ಚಿತ್ರ ಸುಟ್ಟ ಮಣ್ಣಿನ ಮೇಲೆ ಕೂತರೆ ಯಾವ ಕಾಲಕ್ಕೂ ಅಳಿಸುವುದಿಲ್ಲವಲ್ಲ! ಅಮ್ಮನಿಗೆ ಗೊತ್ತಿಲ್ಲದಂತೆ ಚಿತ್ರವನ್ನು ಕ್ಲಾಸಿಗೆ ಒಯ್ದೆ.

ಕೆಲಸ ಕೇಳಲು ಸುಲಭ. ತೆಳು ಕಾಗದದ ಮೇಲೆ ವಿಶೇಷ ಬಣ್ಣದಲ್ಲಿ ಚಿತ್ರ ಟ್ರೇಸ್ ಮಾಡಬೇಕು, ಅರ್ಧ ಒಣಗಿದ ಕಪ್ಪಿನ ಮೇಲೆ ಅದನ್ನು ಬೋರಲು ಹಾಕಿ, ಒದ್ದೆ ಸ್ಪಂಜಿನಿಂದ ಒತ್ತಿ, ಮೆಲ್ಲಗೆ ಸುಲಿಯಬೇಕು. ಮೊದಲನೇ ಕಪ್ಪಿನಲ್ಲಿ ಅಮ್ಮನ ಮೂಗು ಕಾಗದದ ಜೊತೆಗೇ ಎದ್ದು ಬಂತು. ಎರಡನೆಯದರ ಹಿಡಿ ಕಳಚಿತು. ಮೂರನೆಯದಕ್ಕೆ ಕೂತಾಗ ಮೇಘನಾ, "ಅಂಕಲ್, ಚಿತ್ರ ತಿರುಗಿಸಿಕೊಂಡು ಟ್ರೇಸ್ ಮಾಡಿ, ಇಲ್ಲಾಂದ್ರೆ ಉಲ್ಟಾ ಬರತ್ತೆ" ಅಂದಳು. "ಹೂಂ ಹೂಂ, ಟ್ರೇಸಿಂಗೇ ನಮ್ಮ ಕಸುಬಮ್ಮಾ" ಅಂದೆ.

ಸುಟ್ಟು ಬಂದ ಕಪ್ಪು ಕೈಗೆ ಸಿಕ್ಕಿದಾಗ ಎಂಥಾ ಚೆಂದ ಅಂತೀರಿ! ಮನೆಗೆ ತಂದು ಚಿತ್ರದ ಪಕ್ಕ ಇಟ್ಟು ನೋಡಿದೆ. ಚಿತ್ರದಲ್ಲಿ ಎಡಮೂಗಿನಲ್ಲಿದ್ದ ಮೂಗುಬೊಟ್ಟು ಕಪ್ಪಿನಲ್ಲಿ ಬಲಮೂಗಿಗೆ ಹೋಗಿ ಕೂತಿತ್ತು. ಅಪ್ಪ ಆಸೆಪಟ್ಟು ಬರೆದ ಒಂದೇ ಒಂದು ಚಿತ್ರವನ್ನು ಕೆಡಿಸಿಟ್ಟೆನಲ್ಲ ಎಂದು ಒಂದು ವಾರ ಕಪ್ಪನ್ನು ಬಟ್ಟೆಯ ಕೆಳಗೆ ಬಚ್ಚಿಟ್ಟೆ. ಪದ್ಮನ ಹತ್ತಿರ ಮಾತ್ರ ಹೇಳಿಕೊಂಡೆ. ಅವಳು ನಕ್ಕು, ಒಂದು ಬೆಳಿಗ್ಗೆ ಅದರಲ್ಲೇ ಅಮ್ಮನಿಗೆ ಕಾಫಿ ಕೊಟ್ಟುಬಿಟ್ಟಳು.

ಅಮ್ಮ ಕಪ್ಪನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು. ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ಬೊಟ್ಟು ಸರಿ ಮಾಡಿಬಿಟ್ಟಿದ್ದೀಯಲ್ಲೋ!" ಅಂದಳು. ಕಣ್ಣು ತುಂಬಿತ್ತು. "ನಿಮ್ಮಪ್ಪನಿಗೆ ನನ್ನನ್ನ ಎದುರೆದುರೇ ನೋಡೋಕೆ ನಾಚಿಕೆ. ನಾನು ಕನ್ನಡಿ ಮುಂದೆ ತಲೆ ಬಾಚ್ಕೊಳ್ತಿದ್ರೆ, ಹಿಂದೆ ಕೂತು ಕನ್ನಡೀಲಿ ಕಂಡ ಹಾಗೇ ಬರೆದುಬಿಟ್ರು. ಬೊಟ್ಟು ಎಡಕ್ಕೆ ಹೋಯ್ತು. ನಮ್ಮನೇಲಿ ಯಾರು ಎಡಮೂಗು ಚುಚ್ಚಿಸ್ತಾರೆ? ಅಷ್ಟು ಆಸೆಯಿಂದ ತೋರಿಸಿದ್ರು, ತಪ್ಪು ಅಂತ ಹೇಗೆ ಹೇಳ್ಲಿ? ಕೊನೇವರೆಗೂ ಹೇಳ್ಲಿಲ್ಲ. ನೀನು ಎಷ್ಟು ಚೆನ್ನಾಗಿ ಗಮನಿಸಿದ್ದೀಯ!"

ಆಗಲೇ ನಾನು ಅಮ್ಮನ ಮೂಗನ್ನು ನೋಡಿದ್ದು. ಹೌದು, ಬಲಗಡೆ. ನನಗೂ ಕಣ್ಣು ಒದ್ದೆಯಾಯಿತು. "ಏನೋ, ನನ್ನ ಕೈಲಾದ್ದು ಮಾಡಿದೆ ಅಮ್ಮ" ಅಂದೆ.

ಪದ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಒಂದು ವಾರ ಕದ್ದು ಕದ್ದು ಚಿತ್ರಾನೂ ಕಪ್ಪನ್ನೂ ಹೋಲಿಸಿ ಹೋಲಿಸಿ ನೋಡಿದ್ರಲ್ಲ, ಅತ್ತೆ ದಿನಾ ಊಟಕ್ಕೆ ನಿಮ್ಮ ಎದುರಿಗೇ ಕೂತಿರ್ತಿದ್ರು, ಒಂದ್ಸಲ ಅವರ ಮುಖ ನೋಡೋಕಾಗ್ಲಿಲ್ವಾ?" ಅಂದವಳೇ ಅಂಗೈಯಿಂದ ತನ್ನ ಮೂಗು ಮುಚ್ಚಿಕೊಂಡಳು. "ಹೋಗ್ಲಿ, ನಂದು ಯಾವ ಕಡೆ, ಹೇಳಿ."

ಮದುವೆಯಾಗಿ ಮೂವತ್ತಾರು ವರ್ಷ. ಧೈರ್ಯ ಮಾಡಿ, "ಬಲಗಡೆ" ಅಂದೆ.

ಪದ್ಮ ಕೈ ತೆಗೆದಳು. ಅವಳು ಮೂಗು ಚುಚ್ಚಿಸಿಕೊಂಡೇ ಇಲ್ಲ.